ಹನ್ನೊಂದನೇ ಟ್ರೇ

ಸೋಮವಾರ ಬೀಗ ತೆಗೆದಾಗ ಎಲ್ಲ ಸರಿಯಾಗಿಯೇ ಕಂಡಿತು.
ದುದ್ದದ ರಸ್ತೆಯಲ್ಲಿ ಹಾಲಿನ ಲಾರಿ ಹೋಗಿ
ಗಾಜು ಸಣ್ಣಗೆ ನಡುಗಿ ನಿಂತಿತು.
ದೀಪ ಹಾಕಿದೆ. ಆಮೇಲೆ ಕಂಡದ್ದು:
ಆಲೂಗೆಡ್ಡೆ ಕುಡಿಗಳ ನೆತ್ತಿಯಲ್ಲಿ ಬಂದ ಹೊಸ ಎಲೆ
ಎಲೆಯಂತಿರಲಿಲ್ಲ.
ಅರ್ಧ ಮಡಚಿದ ಕೊಡೆಯ ಹಾಗೆ ಒಳಕ್ಕೆ ಮುದುಡಿ,
ನರಗಳು ಒತ್ತೊತ್ತಾಗಿ, ತುದಿ ದಾರದಂತೆ ಎಳೆದು,
ಕಾಂಡ, ಕತ್ತು ಉಳುಕಿದವರಂತೆ, ಪಕ್ಕಕ್ಕೆ.

ಇವೆಲ್ಲ ಒಂದೇ ತಾಯಿಯವು.
ಹೂವಿಲ್ಲ, ದುಂಬಿಯ ಹಂಗಿಲ್ಲ,
ತುದಿ ಚಿವುಟಿ ನೆಟ್ಟರೆ ಅದೇ ತಾಯಿ ಮತ್ತೆ.
ದೋಷ ಅವಳದಾಗಿದ್ದರೆ
ಎಲ್ಲದರಲ್ಲೂ ಇರಬೇಕಿತ್ತು, ಒಂದೇ ಅಳತೆಯಲ್ಲಿ.
ಅವಳೋ ಬಲೆಮನೆಯ ಮೂಲೆಯಲ್ಲಿ
ಹಸಿರಾಗಿ, ಏನೂ ಗೊತ್ತಿಲ್ಲದ ಹಾಗೆ.

"ನಂಜುರೋಗ ಕಣಮ್ಮ, ಎಲ್ಲಾ ಕಿತ್ತು ಸುಟ್ಟಾಕಿ"
ಅಂದರು ಮಾಲೀಕರು ಫೋನಿನಲ್ಲಿ.
ಹನ್ನೊಂದು ಟ್ರೇ. ಸಾವಿರದ ಎಪ್ಪತ್ತೆಂಟು ಸಸಿ.
ಮುಂಗಡ ಕೊಟ್ಟವರ ಪಟ್ಟಿ ಗೋಡೆಯ ಮೊಳೆಯಲ್ಲಿ.
ಒಂದು ವಾರ ಕೊಡಿ ಸಾರ್, ಅಂದೆ.

ಎಲೆ ಅರೆದು ಪರೀಕ್ಷೆಯ ಪಟ್ಟಿ ಅದ್ದಿದೆ. ಒಂದೇ ಗೆರೆ.
ಜವರಮ್ಮ ಬಗ್ಗಿ ನೋಡಿದಳು:
"ನಮ್ ಸೊಸೆ ನೋಡ್ಕಂಡ್ಲಲ್ಲ, ಅದೇ ತರದ್ದು.
ಒಂದ್ ಗೀಟು ಅಂದ್ರೆ ಏನೂ ಇಲ್ಲ."
ಹೌದು. ಏನೂ ಇಲ್ಲ.
ಭೂತಗನ್ನಡಿ ಹಿಡಿದು ಎಲೆಯ ಬೆನ್ನು ಹುಡುಕಿದೆ,
ನುಸಿಯಿಲ್ಲ, ನುಸಿಯ ಮೊಟ್ಟೆಯಿಲ್ಲ.
ಸುಣ್ಣ ಸಾಲದೋ, ಬೋರಾನು ಸಾಲದೋ,
ಹಾಗಿದ್ದರೆ ಕುಡಿ ಕರಟಬೇಕಿತ್ತು. ಕರಟಿಲ್ಲ.
ದೀಪ ಕೆಳಗಿಳಿಯಿತೋ? ಗೇಣು ಹಾಕಿದೆ.
ಅದೇ ಎರಡು ಗೇಣು.

ಕೆಳಗಿನ ಎಲೆಗಳು ಅಗಲವಾಗಿ, ನೆಮ್ಮದಿಯಾಗಿ,
ಹತ್ತು ದಿನದ ಹಿಂದಿನವು.
ಆದದ್ದು ಆಮೇಲೆಯೇ.
ಗಿಡಕ್ಕೆ ಹಳೆಯದನ್ನು ತಿದ್ದಿ ಬರೆಯಲು ಬರುವುದಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ
ಗೋಡೆಯಿಂದ ಬಾಗಿಲಿನವರೆಗೆ ಎಣಿಸುತ್ತ ನಡೆದೆ.
ಮೊದಲನೇ ಟ್ರೇ ಪೂರಾ ಸೊಟ್ಟ.
ನಾಲ್ಕನೆಯದರಲ್ಲಿ ಮುಕ್ಕಾಲು.
ಎಂಟರಲ್ಲಿ ಅಲ್ಲೊಂದು, ಇಲ್ಲೊಂದು.
ಹನ್ನೊಂದನೆಯದರಲ್ಲಿ ಒಂದೂ ಇಲ್ಲ,
ಒಂದೂ.
ರೋಗ ಹೀಗೆ ಲೆಕ್ಕವಿಟ್ಟು ದಣಿಯುವುದಿಲ್ಲ.
ದಣಿಯುವುದು ಕ್ಯಾನಿನ ತಳದಲ್ಲಿ ಉಳಿದದ್ದು,
ತುಂಬಿ ತುಂಬಿ ಸಿಂಪಡಿಸಿದಂತೆ ತೆಳುವಾಗುವಂಥದ್ದು.

ಮೂರು ಪೇಪರ್ ಲೋಟದಲ್ಲಿ ಮೊಳಕೆ ಹುರುಳಿ ನೆಟ್ಟು
ಕೆಂಪು ಕ್ಯಾನಿನ ನೀರು ಒಂದಕ್ಕೆ,
ಬಿಳಿಯದು ಇನ್ನೊಂದಕ್ಕೆ, ನೀಲಿಯದು ಮತ್ತೊಂದಕ್ಕೆ.
(ಉಳಿದ ಹುರುಳಿ ಜವರಮ್ಮನ ಮನೆಯ ಬಸ್ಸಾರಿಗೆ ಹೋಯಿತು.)
ಐದನೇ ದಿನ ನೀಲಿಯ ಲೋಟದಲ್ಲಿ
ಹುರುಳಿ ಜಡೆಯ ಹಾಗೆ ಸುತ್ತಿಕೊಂಡಿತ್ತು.

ನಾನು ಕೇಳುವ ಮುಂಚೆಯೇ ಬೋರೇಶ
ಬಾಗಿಲಿಗೆ ಒರಗಿ ನಿಂತಿದ್ದ.
"ಬದುಗೆ ಕಳೆ ಔಷ್ದಿ ಹೊಡಿಯಕ್ಕೆ
ಒಂದೇ ದಿವ್ಸ ತಗಂಡೋಗಿದ್ದೆ ಅಕ್ಕ.
ಮೂರ್ ಸಲ ತೊಳ್ದೆ. ಸೋಪ್ ಹಾಕಿ ತೊಳ್ದೆ."
ಬೈಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೈದೆ.
ಹದಿನೇಳರ ಹುಡುಗ, ಮೂಗಿನ ಕೆಳಗೆ
ಈಗ ತಾನೆ ಮೊಳೆತ ಮೀಸೆ ನಡುಗುತ್ತಿತ್ತು.
ಆಮೇಲೆ ಇಬ್ಬರೂ ಕೂತು
ಸೊಟ್ಟ ನೆತ್ತಿಗಳನ್ನೆಲ್ಲ ಚಿವುಟಿದೆವು,
ಒಂದೊಂದು ಸಲಕ್ಕೂ ಬ್ಲೇಡು ಸ್ಪಿರಿಟಿಗೆ ಅದ್ದಿ.

ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿಗೆ
'ನೀಲಿ ಕ್ಯಾನು' ಎಂದು ಬರೆದೆ.
ಹೊಣೆ ಯಾರದು ಎಂಬ ಕಾಲಮ್ಮಿನಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬೀರುವಿಗೆ ಬೀಗ ಹಾಕುತ್ತಿದ್ದವಳು ನಾನೇ.
ನನ್ನ ಹೆಸರು ಬರೆದೆ.

ಇವತ್ತಿಗೆ ಒಂಬತ್ತನೇ ದಿನ.
ಮೊದಲನೇ ಟ್ರೇಯ ಒಂದು ಕಂಕುಳಲ್ಲಿ
ಅಕ್ಕಿಕಾಳಿನಷ್ಟು ಚಿಗುರು.
ಬೋರೇಶ ಉಸಿರು ಹಿಡಿದು ಕನ್ನಡಿ ಕೊಟ್ಟ.
ನೋಡಿದೆ:
ಒಂದು ಮಗ್ಗುಲು ಬಿಚ್ಚಿಕೊಂಡಿದೆ.
ಇನ್ನೊಂದು
ಇನ್ನೂ ಹೇಳುವ ಹಾಗಿಲ್ಲ.